ಆಮೆ ಸತ್ತಿಲ್ಲ, ಮಲಗಿದೆ ಅಷ್ಟೇ

ಇಂಗ್ಲೆಂಡಿನಲ್ಲಿ ಹೊಸದಾಗಿ ಹರ್ಮನ್ ಆಮೆ (ದಕ್ಷಿಣ ಯುರೋಪಿನ ನೆಲದಾಮೆ) ತಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕತ್ತು, ನಾಲ್ಕೂ ಕಾಲು ಚೆಲ್ಲಿಕೊಂಡು ಗದ್ದವನ್ನು ನೆಲಕ್ಕೆ ಊರಿ ಮಲಗಿದ ನಮ್ಮ ಆಮೆಯನ್ನು ಮೊದಲ ಸಲ ಕಂಡಾಗ ಕೈಕಾಲು ನಡುಗಿತ್ತು. ಬೆರಳಿನಿಂದ ತಟ್ಟಿದೆ. ಒಂದು ಕಣ್ಣು ತೆರೆದು, ಬೇಸರದಿಂದೆಂಬಂತೆ ನೋಡಿ ಮತ್ತೆ ಮುಚ್ಚಿತು.

ಆಮೆಗೆ ಮೈಬಿಸಿ ಹೊರಗಿನಿಂದಲೇ ಬರಬೇಕು. ಹಾಗಾಗಿ ಬೆಳಿಗ್ಗೆ ಎದ್ದೊಡನೆ ಊಟ ಕೇಳುವುದಿಲ್ಲ. ಬಿಸಿ ಕೊಡುವ ದೀಪದಡಿ ಕುಳಿತು ಮೈ ಕಾಯಿಸಿಕೊಂಡ ಮೇಲಷ್ಟೇ ದಂಡೇಲಿಯನ್ ಎಂಬ ಕಳೆಗಿಡದ ಎಲೆಗಳತ್ತ ಹೊರಡುತ್ತದೆ. ಮಧ್ಯಾಹ್ನದ ಸುಡುಬಿಸಿಲಿಗೆ ನೆರಳಿನಲ್ಲಿ ಹುದುಗಿ, ಇಳಿಹೊತ್ತಿಗೆ ಇನ್ನೊಂದು ಸುತ್ತು. ದಿನಕ್ಕೆ ಹನ್ನೆರಡು ಗಂಟೆ ಮಲಗಿದರೂ ಚಿಂತೆ ಬೇಡ. ಮರಿಗಳಂತೂ ಇನ್ನೂ ಹೆಚ್ಚು ಮಲಗುತ್ತವೆ.

ಹಗಲಿಡೀ ತೂಕಡಿಸುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ. ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ದೀಪ ರಾತ್ರಿಯೂ ಉರಿಯುತ್ತಿದ್ದರೆ ಆರಿಸಿ, ಅದಕ್ಕೆ ಕತ್ತಲು ಬೇಕು. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ಬಲ್ಬು ಬೆಳಗುತ್ತಿದ್ದರೂ ತಿಂಗಳುಗಳು ಕಳೆದಂತೆ ಅದರ ಶಕ್ತಿ ಕುಗ್ಗುತ್ತದೆ, ಈ ಬಲ್ಬು ನನ್ನನ್ನೂ ಏಮಾರಿಸಿತ್ತು. ಬಿಸಿ, ಬೆಳಕು ಎರಡೂ ಸರಿಯಿದ್ದು ಊಟ ಬಿಟ್ಟಿದ್ದರೆ, ಇಲ್ಲವೇ ಮೂಗಿನಲ್ಲಿ ಸಿಂಬಳದ ಗುಳ್ಳೆ ಕಂಡರೆ, ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ ಅಂದೇ ಒಯ್ಯಿರಿ.

ಚಳಿಗಾಲದ ದೀರ್ಘನಿದ್ರೆಗೆ ಸುಮಾರು 5 ಡಿಗ್ರಿ ಬೇಕು. ಬೆಚ್ಚಗೂ ಅಲ್ಲದ, ತಣ್ಣಗೂ ಅಲ್ಲದ ಕೋಣೆಯಲ್ಲಿ ಅರೆಬರೆ ಮಲಗಿಸುವುದು ಅಪಾಯ.

ಭಾರತದಲ್ಲಿರುವವರು ನಕ್ಷತ್ರ ಆಮೆಗೆ ಆಸೆಪಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ.