ನಡುಗಡ್ಡೆಯ ಊರಿನ ಚರಿತ್ರೆ ಬರೆಯುವವರಿಗೆ

ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವ ಶ್ರೀರಂಗಪಟ್ಟಣದ ನಡುಗಡ್ಡೆಯಲ್ಲಿ, ಕೋಟೆಯಿಂದ ಪೂರ್ವಕ್ಕೆ ನಮ್ಮ ಗಂಜಾಂ ಇದೆ. ಇಲ್ಲಿಗೆ ಬರುವವರು 1784ರ ದರಿಯಾ ದೌಲತ್ ಅರಮನೆ ನೋಡುತ್ತಾರೆ, ಟಿಪ್ಪು ಮಡಿದ 1799ರ ಮೇ 4ರ ಯುದ್ಧದ ಬಗ್ಗೆ ಬರೆದುಕೊಳ್ಳುತ್ತಾರೆ, ಹೊರಟುಬಿಡುತ್ತಾರೆ. ಊರಿನವರು ಹೇಗೆ ಬದುಕಿದರು ಎಂಬುದನ್ನು ಯಾರೂ ಬರೆಯಲಿಲ್ಲವಲ್ಲ ಎಂಬ ಸಂಕಟದಿಂದ, ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನೇ ನೋಟ್‌ಬುಕ್ ಹಿಡಿದೆ. ನಿಮ್ಮ ಊರಿಗೂ ಈ ಕ್ರಮ ಒದಗಬಹುದು.

ಹಿರಿಯರನ್ನು ಇಸವಿ ಕೇಳಬೇಡಿ, ಹೊಳೆಯನ್ನು ಕೇಳಿ. ‘ನೀರು ನಿಮ್ಮ ಮನೆಯಲ್ಲಿ ಎಲ್ಲಿಯವರೆಗೆ ಬಂದಿತ್ತು?’ ಎಂದರೆ ಸಾಕು, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಬೀದಿಯ ಅಜ್ಜಿಯೊಬ್ಬರು, ‘ಹಿರಿಮಗಳು ಕಂಕುಳಲ್ಲಿದ್ದಳು ಮೇಷ್ಟ್ರೇ, ಒರಳು ಮುಳುಗಿತ್ತು’ ಎಂದರು. ಮಗಳ ಶಾಲೆಯ ವರ್ಗಾವಣೆ ಪತ್ರ ತೆಗೆಸಿ ನೋಡಿದೆ. ಆದರೆ ಅದನ್ನೊಂದನ್ನೇ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ನಾನೇ ಜೂನ್ 1 ಎಂದು ಬರೆದಿದ್ದೇನೆ. ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎಲ್ಲರೂ ಬಲ್ಲ ಕೆಲವು ಇಸವಿಗಳನ್ನು ಗುರುತು ಹಾಕಿಕೊಂಡಿರಿ: 1924ರ ಮಹಾ ನೆರೆ, 1939ರಲ್ಲಿ ಮಂಡ್ಯ ಜಿಲ್ಲೆಯಾದದ್ದು, 1956ರ ಏಕೀಕರಣ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು. ಮದುವೆ ಅದಕ್ಕಿಂತ ಮುಂಚೆಯೋ ಆಮೇಲೋ, ಕನ್ನಂಬಾಡಿ ಕಟ್ಟೆಯಲ್ಲಿ ಕೆಲಸ ಮಾಡಿದ ಅಜ್ಜ ಆಗ ಬದುಕಿದ್ದರೋ ಇಲ್ಲವೋ ಎಂದು ಒಂದೊಂದಾಗಿ ಜೋಡಿಸುತ್ತಾ ಹೋಗಿ.

ಆಮೇಲೆ ಕೈಕೆಲಸ. ಹರಿಗೋಲು ಹೆಣೆಯುವವರ ಪಕ್ಕದಲ್ಲಿ ಅರ್ಧ ದಿನ ಕುಳಿತುಕೊಳ್ಳಿ. ಬಿದಿರಿನ ದಬ್ಬೆ ಸೀಳುವುದು, ಬುಟ್ಟಿಯಂತೆ ಹೆಣೆಯುವುದು, ಹಿಂದೆ ಚರ್ಮ ಹೊದಿಸುತ್ತಿದ್ದ ಕಡೆ ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುವುದು, ಎಲ್ಲವನ್ನೂ ಅವರು ಆಡುವ ಪದಗಳಲ್ಲೇ ಬರೆದುಕೊಳ್ಳಿ. ಪದ ಹೋದರೆ ಕೆಲಸವೂ ಹೋದ ಹಾಗೆ. ಗಂಜಾಂ ಅಂಜೂರದ ಹೆಸರು ದೂರದವರೆಗೆ ಹಬ್ಬಿತ್ತು. ತೋಟ ಎಲ್ಲಿತ್ತು, ಹಣ್ಣು ಯಾವ ಸಂತೆಗೆ ಹೋಗುತ್ತಿತ್ತು, ಗಿಡ ಯಾಕೆ ಕಿತ್ತರು ಎಂದು ಕೇಳಿ. ಅಡುಗೆಮನೆಯ ವಿಷಯವನ್ನು ಹೆಂಗಸರನ್ನೇ ಕೇಳಬೇಕು, ಗಂಡಸರು ಎದುರಿಗಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಕಾಗದಪತ್ರ ಕೊನೆಗೆ ನೋಡಿದರೆ ಸಾಕು. ತಾಲ್ಲೂಕು ಕಚೇರಿಯ ಹಳೆಯ ಪಹಣಿ, ಶಾಲೆಯ ದಾಖಲಾತಿ ಪುಸ್ತಕ, ಶಾಸನಗಳಿಗೆ 1894ರ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟ. ಟಿಪ್ಪುವಿನ ಕಾಲದಲ್ಲಿ ಶಿರಾದಿಂದ 12,000 ಕುಟುಂಬಗಳನ್ನು ತಂದು ಗಂಜಾಂನಲ್ಲಿ ನೆಲೆಗೊಳಿಸಿದರೆಂದು ಗೆಜೆಟಿಯರ್ ಹೇಳುತ್ತದೆ. ಆ ಸಾಲು ಓದಿದ ಮೇಲೆ ಪ್ರತಿ ಮನೆಯಲ್ಲೂ ‘ನಿಮ್ಮ ಮನೆದೇವರು ಎಲ್ಲಿದೆ?’ ಎಂದು ಕೇಳತೊಡಗಿದೆ. ಮನೆತನ ಎಲ್ಲಿಂದ ಬಂತೆಂಬ ಸುಳಿವನ್ನು ಮನೆದೇವರಷ್ಟು ಕಾಪಾಡಿಕೊಂಡು ಬಂದ ದಾಖಲೆ ನನಗೆ ಬೇರೆ ಸಿಕ್ಕಿಲ್ಲ.

ಬರೆದದ್ದನ್ನು ಹೇಳಿದವರ ಮುಂದೆಯೇ ಗಟ್ಟಿಯಾಗಿ ಓದಿ. ಇದನ್ನು ಮಾತ್ರ ತಪ್ಪಿಸಬೇಡಿ. ನೆರೆಯ ಪುಟ ಓದುವಾಗ ಅಜ್ಜಿ ನನ್ನನ್ನು ತಡೆದರು. ‘ಒರಳಲ್ಲ ಮೇಷ್ಟ್ರೇ, ಬೀಸುವ ಕಲ್ಲು. ಅವತ್ತು ಬಾಯಿತಪ್ಪಿ ಅಂದಿದ್ದೆ.’ ಅವರ ಮನೆಯಲ್ಲಿ ಒರಳು ನೆಲದಲ್ಲಿ ಹೂತಿದೆ, ಬೀಸುವ ಕಲ್ಲು ಇರುವುದು ಜಗಲಿಯ ಮೇಲೆ. ಎದ್ದು ಹೋಗಿ ಅಳೆದೆ. ಆ ವರ್ಷದ ನೀರನ್ನು ಒಂದು ಮೊಳ ಮೇಲಕ್ಕೆ ತಿದ್ದಿ ಬರೆದೆ.