ತಂದವರ ಕೈಯಿಂದ ತೆಗೆದುಕೊಳ್ಳುವಾಗ

ಬಂದ ನೆಂಟರು ಚೀಲದಿಂದ ಹಣ್ಣಿನ ಪೊಟ್ಟಣವನ್ನೋ ಸೀರೆಯ ಡಬ್ಬಿಯನ್ನೋ ಹೊರತೆಗೆದ ಕೂಡಲೇ "ಅಯ್ಯೋ, ಇದೆಲ್ಲ ಯಾಕೆ ತರೋದಕ್ಕೆ ಹೋದ್ರಿ" ಎನ್ನುವುದು ನಮ್ಮ ಮನೆಗಳ ರೂಢಿ. ಒಮ್ಮೆ ಹೇಳಿದರೆ ಅದು ಸಂಕೋಚದ ಮಾತು, ಕೇಳುವವರಿಗೂ ಹಿತ. ಅದನ್ನೇ ಮೂರು ನಾಲ್ಕು ಸಲ ಹೇಳಿ, ಪೊಟ್ಟಣವನ್ನು ಅವರ ಕೈಗೇ ತಳ್ಳಿ, ಕೊನೆಗೆ ಒಲ್ಲದ ಮನಸ್ಸಿನಿಂದ ತೆಗೆದುಕೊಂಡು ಟೀವಿಯ ಪಕ್ಕಕ್ಕೆ ಸರಿಸಿಬಿಟ್ಟರೆ, ಬಿಸಿಲಿನಲ್ಲಿ ಅಂಗಡಿ ಅಂಗಡಿ ಅಲೆದು ಆರಿಸಿ ತಂದವರಿಗೆ ತಮ್ಮ ಶ್ರಮ ಯಾರಿಗೂ ಬೇಡವಾಯಿತೇನೋ ಎನ್ನಿಸುತ್ತದೆ. ಎರಡೂ ಕೈ ಚಾಚಿ ತೆಗೆದುಕೊಂಡು, ಹಣ್ಣು ಹೂವಾದರೆ ದೇವರ ಮುಂದೆ, ಬೇರೆಯದಾದರೆ ಎಲ್ಲರಿಗೂ ಕಾಣುವ ಮೇಜಿನ ಮೇಲೆ ಇಡಿ.

ಗೌರಿ ಹಬ್ಬದ ಮೊರದ ಬಾಗಿನವನ್ನು ಕೊಟ್ಟು ತೆಗೆದುಕೊಳ್ಳುವ ಕ್ರಮವನ್ನು ನೋಡಿದರೆ ಹಿರಿಯರು ಈ ವಿಷಯವನ್ನು ಎಷ್ಟು ನಯವಾಗಿ ಯೋಚಿಸಿದ್ದರೆಂದು ತಿಳಿಯುತ್ತದೆ. ಕೊಡುವವಳು ಮೊರಕ್ಕೆ ಸೆರಗು ಮುಚ್ಚಿ ಹಿಡಿದಿರುತ್ತಾಳೆ, ತೆಗೆದುಕೊಳ್ಳುವವಳೂ ಸೆರಗು ಒಡ್ಡಿಯೇ ಸ್ವೀಕರಿಸುತ್ತಾಳೆ. ಒಳಗಿರುವುದು ಹೆಚ್ಚೋ ಕಡಿಮೆಯೋ ಎಂದು ಆ ಹೊತ್ತಿನಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ಮೊರವನ್ನು ಹಾಗೆಯೇ ಅಟ್ಟಕ್ಕೆ ಸೇರಿಸಬೇಡಿ. ಭಾದ್ರಪದದ ಮಳೆಯ ತಂಪಿಗೆ ಬೆಲ್ಲ ನೀರೊಡೆದು ಪಕ್ಕದ ಅಕ್ಕಿ, ತೊಗರಿಬೇಳೆ, ರವೆಗಳನ್ನೂ ಒದ್ದೆ ಮಾಡುತ್ತದೆ. ಅಂದೇ ಸಂಜೆ ಬೆಲ್ಲವನ್ನು ಬೇರೆ ತೆಗೆದು, ಧಾನ್ಯವನ್ನು ಹರಡಿ ಆರಿಸಿ ಡಬ್ಬಿಗೆ ತುಂಬಿ, ಆ ವಾರದಲ್ಲೇ ಅಡುಗೆಗೆ ಬಳಸಿ. "ನೀವು ಕೊಟ್ಟ ಬೇಳೆಯಲ್ಲೇ ಇವತ್ತು ಹುಳಿ ಮಾಡಿದೆ" ಎಂದು ಫೋನು ಮಾಡಿ ಹೇಳಿದರೆ ಕೊಟ್ಟವರಿಗೆ ಆಗುವ ಸಂತೋಷ, ನೂರು ಸಲ ಥ್ಯಾಂಕ್ಸ್ ಹೇಳಿದರೂ ಆಗುವುದಿಲ್ಲ.

ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಹಿಂದೆ, ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಮಾಗಿಯ ಚಳಿಯಲ್ಲಿ ಊರಿಗೆ ಹೋಗಿ ಬರುವಾಗ ಒಂದು ಚೀಲ ಸೊಗಡಿನ ಅವರೆಕಾಯಿ ತಂದುಕೊಟ್ಟಳು. ಬಡವಳಿಗೆ ನಷ್ಟವಾಗಬಾರದೆಂದು ನಾನು ಕೂಡಲೇ ಒಳಗಿನಿಂದ ದುಡ್ಡು ತಂದು ಅವಳ ಕೈಗಿಟ್ಟೆ. ಅವಳ ಮುಖ ಬಾಡಿತು. ಮರುವರ್ಷ ಅವಳು ಅವರೆಕಾಯಿ ತರಲಿಲ್ಲ. ಮಗಳ ಮನೆಗೆಂಬಂತೆ ಹೊತ್ತು ತಂದದ್ದನ್ನು ನಾನು ವ್ಯಾಪಾರ ಮಾಡಿಬಿಟ್ಟಿದ್ದೆ. ನಮಗಿಂತ ಕಡಿಮೆ ಅನುಕೂಲವಿರುವವರು ಕೊಟ್ಟದ್ದನ್ನು ತುಂಬು ಮನಸ್ಸಿನಿಂದ ಇಟ್ಟುಕೊಳ್ಳಿ, ಅವರೆದುರಿಗೇ ಕಾಯಿ ಸುಲಿಯಲು ಕೂರಿ. ಅವರಿಗೆ ಏನಾದರೂ ಮಾಡಬೇಕೆನಿಸಿದರೆ ಅವರ ಮನೆಯ ಹಬ್ಬವೋ ಮಕ್ಕಳ ಶಾಲೆಯ ಖರ್ಚೋ ಬಂದಾಗ ಮಾಡಿ.

ಮದುವೆ ಮುಂಜಿಗಳಲ್ಲಿ 101, 501 ಎಂದು ಮುಯ್ಯಿ ಬರೆಯುವ ಪುಸ್ತಕವಿರುತ್ತದೆ. ಆ ಪದ್ಧತಿಯನ್ನು ಸಣ್ಣ ಉಡುಗೊರೆಗಳಿಗೂ ಇಟ್ಟುಕೊಳ್ಳಿ: ದಿನಾಂಕ, ಕೊಟ್ಟವರು, ವಸ್ತು, ಸಂದರ್ಭ. ರವಿಕೆ ಕಣದ ಮಡಿಕೆಯೊಳಗೆ ಕೊಟ್ಟವರ ಹೆಸರಿನ ಚೀಟಿ ಸೇರಿಸಿ. ಕುಂಕುಮಕ್ಕೆ ಬಂದವರಿಗೆ ಅವರೇ ಕೊಟ್ಟ ಕಣ ಹಿಂತಿರುಗಿದರೆ ಇಬ್ಬರಿಗೂ ನೋವು. ಬೆಳ್ಳಿಯ ಕುಂಕುಮದ ಬಟ್ಟಲು ಬಂದರೆ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ತಾಗಿದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಸೀರೆಯ ಬಣ್ಣ ನಿಮಗೆ ಒಪ್ಪದಿದ್ದರೂ ಕೊಟ್ಟವರ ಮನೆಯ ಒಂದು ಸಮಾರಂಭಕ್ಕಾದರೂ ಅದನ್ನೇ ಉಟ್ಟುಕೊಂಡು ಹೋಗಿ, ಆಮೇಲೆ ಯಾರಿಗಾದರೂ ಕೊಡಿ.

ಮಕ್ಕಳಿಗೆ ಬೆಲೆ ಕೇಳಬಾರದೆಂದೂ, ಕವರನ್ನು ಎದುರಿಗೇ ಒಡೆದು ನೋಟು ಎಣಿಸಬಾರದೆಂದೂ ಮೊದಲೇ ಹೇಳಿಕೊಡಿ. ಅಮೆರಿಕದಲ್ಲಿ ಬೆಳೆಯುವ ಮೊಮ್ಮಕ್ಕಳು ಅಲ್ಲಿಯ ಪದ್ಧತಿಯಂತೆ ಪೊಟ್ಟಣವನ್ನು ಕೊಟ್ಟವರ ಮುಂದೆಯೇ ಬಿಚ್ಚಿ ಸಂಭ್ರಮಪಟ್ಟರೆ ಗದರಬೇಡಿ, ಅದೂ ಮರ್ಯಾದೆಯೇ.

ಇನ್ನು ನೆರೆಮನೆಯವರು ತಿಂಡಿ ತುಂಬಿ ಕಳಿಸಿದ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂಬುದು ನಿಜ. ಹಾಗೆಂದು ಅದೇ ಸಂಜೆ ಅಂಗಡಿಯ ಸಿಹಿ ತುಂಬಿಸಿ ಸಾಲ ತೀರಿಸಿದಂತೆ ಓಡಬೇಡಿ. ಚೆನ್ನಾಗಿ ತೊಳೆದು ಒರೆಸಿ, ಮುಚ್ಚಳ ಅದಲು ಬದಲಾಗದಂತೆ ಒಂದು ಕಡೆ ಇಟ್ಟುಕೊಂಡು, ಮನೆಯಲ್ಲಿ ಮುಂದೆ ಏನಾದರೂ ಮಾಡಿದ ದಿನ ಅದರಲ್ಲಿ ನಾಲ್ಕು ತುಂಬಿ ಕಳಿಸಿ. ಬೇಗ ಬೇಕೆಂದರೆ ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಸಾಕು.