ಲ್ಯಾಪ್‌ಟಾಪ್ ಕೊಡ್ತೀವಿ ಅಂದವರ ಹತ್ತಿರ ಆಟೋ ಚಾರ್ಜ್ ಕೇಳಿದ್ದು

ಹಾವೇರಿ ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಸರ್ಕಾರಿ ಶಾಲೆ, ಕಾಲೇಜಿನ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ವಿಜ್ಞಾನ, ಎಲೆಕ್ಟ್ರಾನಿಕ್ಸ್, ಕೋಡಿಂಗ್ ಕಲಿಸುತ್ತೇವೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನವರು ಬರುತ್ತಾರೆ. ಕಣ್ಣು ಕಾಣದವರು, ಕಿವಿ ಕೇಳದವರು ಕೂಡ ಅದೇ ಕೋಣೆಯಲ್ಲಿ, ಅದೇ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಮಾಡುವವರು ಬೇರೆ. ದುಡ್ಡು ಹೊಂದಿಸುವ ಕೆಲಸ ನನ್ನದು. ದುಡ್ಡು ಹೇಗೆ ಹೊಂದಿಸ್ತೀರಿ ಅಂತ ಹೊಸದಾಗಿ ಟ್ರಸ್ಟ್ ಶುರು ಮಾಡಿದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರಿಗೂ ಮೊದಲು ನೆನಪಾಗುವುದು ಸಿಎಸ್ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಕಂಪನಿಯವರೇ ಕಟ್ಟದ ಟ್ರಸ್ಟ್ ಆದರೆ, ಅದೇ ರೀತಿಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಫಾರ್ಮ್ ಹಾಕಿ ನೋಂದಣಿ ಮಾಡಿಸುವುದೂ ಕಡ್ಡಾಯ. ಅಂದರೆ ಮೊದಲ ಮೂರು ವರ್ಷ ಊರಿನವರ ಕೈ ನೋಡಲೇಬೇಕು.

ನಾವು ಹಾಗೇ ಮಾಡಿದೆವು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ನಿವೃತ್ತ ಮೇಷ್ಟ್ರುಗಳು. ಮೆಣಸಿನಕಾಯಿ ಮಾರ್ಕೆಟ್ ಜೋರಾಗಿ ನಡೆಯುವಾಗ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಮಳೆಗಾಲದಲ್ಲಿ ಹೋದರೆ ಚಹಾ ಮಾತ್ರ ಸಿಗುತ್ತದೆ. ದಾನ ಕೊಟ್ಟವರಿಗೆ ತೆರಿಗೆ ಉಳಿಸುವ 80ಜಿ ನಿಯಮದ ಬಗ್ಗೆ ಒಂದು ಮಾತು. ನಗದು 2,000 ರೂಪಾಯಿ ದಾಟಿದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗಂತೂ 80ಜಿ ಲಾಭವೇ ಇಲ್ಲ. ಹಾಗಾಗಿ ರಸೀದಿ ತೋರಿಸಿ ತೆರಿಗೆ ಉಳಿಯುತ್ತೆ ಅಂತ ಹೇಳುವುದನ್ನು ಬಿಟ್ಟೆ. ಬದಲಿಗೆ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ಳಿ ಅನ್ನುತ್ತೇನೆ. ಅದು ಜಾಸ್ತಿ ಕೆಲಸ ಮಾಡುತ್ತದೆ.

ಬಂದವರಿಗೆ ಸರ್ಕ್ಯೂಟ್ ಪಾಠ ತೋರಿಸುತ್ತೇವೆ. ಸಾಮಾನ್ಯವಾಗಿ ಬ್ಯಾಟರಿ, ಸ್ವಿಚ್, ಎಲ್ಇಡಿ ಇರುತ್ತದೆ. ದೀಪ ಹತ್ತಿದರೆ ಪಾಠ ಮುಗೀತು. ಕಣ್ಣು ಕಾಣದ ಹುಡುಗಿಗೆ ಅದರಿಂದ ಏನು ಗೊತ್ತಾಗುತ್ತೆ? ನಮ್ಮ ಕಿಟ್‌ನಲ್ಲಿ ಎಲ್ಇಡಿ ಜೊತೆಗೆ ಒಂದು ಬಝರ್ ಇದೆ. ಸರ್ಕ್ಯೂಟ್ ಸರಿಯಾದರೆ ಒಬ್ಬರಿಗೆ ಬೆಳಕು, ಇನ್ನೊಬ್ಬರಿಗೆ ಸದ್ದು. ಎಲ್ಇಡಿ, ಬಝರ್ ಎರಡಕ್ಕೂ ಪ್ಲಸ್ ಕಡೆಯ ಕಾಲು ಸ್ವಲ್ಪ ಉದ್ದ. ಅದನ್ನು ಬೆರಳಿನಿಂದಲೇ ಕಂಡುಹಿಡಿಯಬಹುದು. ಒಬ್ಬಳು ಬ್ರೆಡ್‌ಬೋರ್ಡಿನ (ವೈರು, ಬಿಡಿಭಾಗ ಸಿಕ್ಕಿಸುವ ಹಲಗೆ) ತೂತುಗಳನ್ನು ಉಗುರಿನಿಂದ ಎಣಿಸಿ, ಪಕ್ಕದ ಹುಡುಗನಿಗೆ "ನಿನ್ನದು ಉಲ್ಟಾ ಹಾಕಿದೀಯ ನೋಡೋ" ಅಂದಳು. ಅವನು ಕಣ್ಣಿದ್ದೂ ನೋಡಿರಲಿಲ್ಲ.

ಬಝರ್‌ಗೆ ಎಷ್ಟು ಖರ್ಚು ಅಂತೀರಿ? ಕೆಲವೇ ರೂಪಾಯಿ. ಕಂಪ್ಯೂಟರ್‌ನಲ್ಲೂ ಅಷ್ಟೇ. ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಬ್ಲಾಕ್‌ಗಳನ್ನು ಕಣ್ಣಲ್ಲಿ ನೋಡಿ ಎಳೆಯಬೇಕು, ಹಾಗಾಗಿ ಅದು ಬೇಡ ಅಂತ ಎಲ್ಲರಿಗೂ ನೇರ ಪೈಥಾನ್ ಶುರು ಮಾಡಿದೆವು, ಅದರಲ್ಲಿ ಕೋಡನ್ನು ಅಕ್ಷರದಲ್ಲೇ ಟೈಪ್ ಮಾಡುವುದು. ಪೈಥಾನ್‌ನಲ್ಲಿ ಸಾಲಿನ ಮುಂದೆ ಬಿಡುವ ಜಾಗ ತಪ್ಪಿದರೆ ಪ್ರೋಗ್ರಾಂ ಓಡುವುದಿಲ್ಲ ಅಲ್ವಾ? ಎನ್‌ವಿಡಿಎ ಸೆಟ್ಟಿಂಗ್‌ನಲ್ಲಿ ಅದನ್ನು ಬೀಪ್ ಸದ್ದಾಗಿ ಕೇಳಿಸಿಕೊಳ್ಳಬಹುದು. ಜಾಗ ಹೆಚ್ಚಾದ ಹಾಗೆ ಸದ್ದಿನ ಶ್ರುತಿ ಏರುತ್ತದೆ. ಖರ್ಚು ಹೆಡ್‌ಫೋನಿನದ್ದು ಮಾತ್ರ.

ಎಲ್ಲರೂ ಜೊತೆಯಲ್ಲಿ ಕಲಿಯುವುದಕ್ಕೆ ಯಂತ್ರದ ಖರ್ಚು ಕಡಿಮೆ, ಮನುಷ್ಯರ ಖರ್ಚೇ ಜಾಸ್ತಿ. ಸಂಜ್ಞೆ ಭಾಷೆ ಬಲ್ಲ ಟೀಚರ್‌ಗೆ ಸಂಬಳ ಕೊಡಬೇಕು. ಕಣ್ಣು ಕಾಣದ ಮಗುವಿನ ಜೊತೆ ಬರುವ ತಾಯಿಗೆ ಆ ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ, ತಾಯಂದಿರ ಬಸ್ ಖರ್ಚು ಉಳಿಯಿತು. ಆದರೆ ಬಸ್ ಬರುವುದು ಮೇನ್ ರೋಡಿಗೆ. ಹಳ್ಳಿಯಿಂದ ಅಲ್ಲಿಗೆ, ಬಸ್ ಸ್ಟ್ಯಾಂಡಿನಿಂದ ನಮ್ಮ ಕೋಣೆಗೆ ಆಟೋನೇ ಗತಿ.

ಇದನ್ನು ಕಂಪನಿಯವರಿಗೆ ಒಪ್ಪಿಸುವುದು ಕಷ್ಟ. ಒಬ್ಬ ಮ್ಯಾನೇಜರ್ ಒಳ್ಳೆಯವರೇ, ನಗುತ್ತಲೇ ಹೇಳಿದರು: "ಮೇಡಂ, ಲ್ಯಾಪ್‌ಟಾಪ್ ಎಷ್ಟು ಬೇಕು ಹೇಳಿ, ಕೊಡ್ತೀವಿ. ಆಟೋ ಚಾರ್ಜನ್ನ ಬೋರ್ಡ್ ಮೀಟಿಂಗ್‌ನಲ್ಲಿ ಹೇಗೆ ತೋರಿಸ್ಲಿ?" ಲ್ಯಾಪ್‌ಟಾಪ್ ಮೇಲೆ ಸ್ಟಿಕರ್ ಅಂಟಿಸಬಹುದು, ಆಟೋ ಮೇಲೆ ಆಗಲ್ಲ. ಅವರ ಕಷ್ಟವೂ ಅರ್ಥವಾಗುತ್ತದೆ.

ಅದಾದ ಮೇಲೆ ಬಜೆಟ್ ಬರೆಯುವ ರೀತಿಯನ್ನೇ ಬದಲಾಯಿಸಿದೆ. 'ವಿಕಲಚೇತನ ಮಕ್ಕಳ ವಿಶೇಷ ಖರ್ಚು' ಅಂತ ಬೇರೆ ತಲೆಬರಹ ಹಾಕುವುದಿಲ್ಲ. ಚೌಕಾಸಿ ಶುರುವಾದರೆ ಮೊದಲು ಹೋಗುವುದೇ ಆ ಸಾಲು. ಈಗ ನಮ್ಮ ಬಜೆಟ್‌ನಲ್ಲಿ ಒಂದು ಮಗುವಿಗೆ ಒಂದು ವರ್ಷಕ್ಕೆ ಇಷ್ಟು ಅಂತ ಒಂದೇ ಲೆಕ್ಕ. ಕಿಟ್, ಟೀಚರ್, ಸಂಚಾರ, ಜೊತೆಗೆ ಬರುವವರ ಊಟ, ಎಲ್ಲ ಅದರೊಳಗೆ. ಸುಮ್ನೆ ಮುಚ್ಚಿಡುವುದಲ್ಲ. ಪೂರ್ತಿ ವಿವರ ಹಿಂದಿನ ಪುಟದಲ್ಲಿ ಇರುತ್ತದೆ, ಪ್ರತಿ ಆಟೋ ಟ್ರಿಪ್ಪಿಗೂ ಸಹಿ ಮಾಡಿದ ವೋಚರ್ ಇರುತ್ತದೆ. ಆ ಲೆಕ್ಕದಲ್ಲಿ ಕಡಿತ ಮಾಡಬೇಕು ಅಂದರೆ ಎಲ್ಲ ಮಕ್ಕಳಿಗೂ ಕಡಿತ ಮಾಡಬೇಕು. ಹಾಗೆ ಮಾಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಇನ್ನೊಂದು ತೊಡಕು ಸಮಯದ್ದು. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಫೋನ್ ಬರುತ್ತದೆ, ಬೇಗ ಖರ್ಚು ಮಾಡ್ತೀರಾ ಅಂತ. ಆಗ ನಮ್ಮ ಮಕ್ಕಳು ಪರೀಕ್ಷೆಯ ತಲೆಬಿಸಿಯಲ್ಲಿ ಇರುತ್ತಾರೆ. ಅವಸರದಲ್ಲಿ ಖರ್ಚು ಮಾಡಬಹುದಾದದ್ದು ಸಾಮಾನು ಮಾತ್ರ. ಮೂಲೆಯಲ್ಲಿ ಧೂಳು ತಿನ್ನುವ ಎಷ್ಟೋ ಲ್ಯಾಬ್‌ಗಳು ಹುಟ್ಟುವುದು ಹೀಗೇ ಅಂತ ನನ್ನ ಅನುಮಾನ. ಹಾಗಾಗಿ ಯೋಜನೆಯನ್ನು 'ಆನ್‌ಗೋಯಿಂಗ್ ಪ್ರಾಜೆಕ್ಟ್' ಅಂತ ಒಪ್ಪಿಸಿ ಅಂತ ಕೇಳುತ್ತೇವೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಸಲು ಅದರಲ್ಲಿ ಅವಕಾಶ ಇದೆ. ಉಳಿದ ದುಡ್ಡು ಕಂಪನಿಯ ಬೇರೆ ಖಾತೆಯಲ್ಲಿ ಇರುತ್ತದೆ. ಮನುಷ್ಯರಿಗೆ ಸಂಬಳ ಕೊಡುವ ಯೋಜನೆಗೆ ಇದು ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಯಾರ ಬಾಗಿಲು ತಟ್ಟಬೇಕು? ಕಾಯ್ದೆ ಹೇಳುವುದು, ಕಂಪನಿ ತಾನು ಕೆಲಸ ಮಾಡುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ. ಬೆಂಗಳೂರಿನ ದೊಡ್ಡ ಹೆಸರುಗಳ ಹಿಂದೆ ಓಡುವುದಕ್ಕಿಂತ ನಿಮ್ಮ ಭಾಗದಲ್ಲಿ ಕಾರ್ಖಾನೆ ಇರುವವರನ್ನು ಹುಡುಕಿ. ಕೇಂದ್ರ ಸರ್ಕಾರದ ಸಿಎಸ್ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಎಲ್ಲಿ, ಯಾವ ಕೆಲಸಕ್ಕೆ ಖರ್ಚು ಮಾಡಿದೆ ಅಂತ ನೋಡಬಹುದು. ಅದನ್ನು ನೋಡದೆ ಪ್ರಪೋಸಲ್ ಬರೆಯಬೇಡಿ. ಕಳಿಸುವುದು ಜುಲೈ, ಆಗಸ್ಟ್‌ನಲ್ಲೇ ಕಳಿಸಿ.

ಸಂಜ್ಞೆ ಭಾಷೆಯ ಟೀಚರ್ ಸಂಬಳ ಇಲ್ಲಿಯವರೆಗೂ ಊರಿನವರ ದುಡ್ಡಿನಿಂದಲೇ ಹೋಗುತ್ತಿತ್ತು. ಈ ಸಲ ಅದನ್ನೂ ಕಂಪನಿಯ ಲೆಕ್ಕದೊಳಗೆ ಹಾಕಿದ್ದೇವೆ. ಒಂದೇ ಕೋಣೆಗೆ ಇಬ್ಬರು ಟೀಚರ್ ಯಾಕೆ ಅಂತ ಅವರ ಆಡಿಟರ್ ಕೇಳಿದ್ದಾರೆ. ಉತ್ತರ ಬರೆಯುವುದಕ್ಕಿಂತ ಒಂದು ಭಾನುವಾರ ಅವರನ್ನೇ ಕರೆಸಿಬಿಡೋಣ ಅಂತ ಇದ್ದೇನೆ.